ಸುಚರಿತಾಳ ಕುಬಸ

ರಾಟೆಯ ಮುಂದೆ ಕುಳಿತು ನೂಲಿನ ಮೂರನೆಯ ಕಂಡಿಕೆ ಅರ್ಧ ಸುತ್ತಿದ್ದೆ. ವೀರೇಶ ಪೇಪರು ಹಿಡಿದುಕೊಂಡು ಒಳಗೆ ಬಂದು, "ಅವ್ವಾ, ನಿನ್ನ ಸುಚರಿತಾ ವಾಪಸ್ ಬರಾಕತ್ತಾಳ" ಎಂದ. ಕೇಳುತ್ತ ಕೇಳುತ್ತ ಕೈ ರಾಟೆ ತಿರುಗಿಸುತ್ತಲೇ ಇತ್ತು. ಕಂಡಿಕೆ ತುಂಬಿತು, ಉಬ್ಬಿತು, ಲಾಳಿಯೊಳಗೆ ಹಿಡಿಸದಷ್ಟು ದಪ್ಪವಾಯಿತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ನಮ್ಮ ಮನೆಯವರು ಅದನ್ನು ನೋಡಿ, "ಇದೇನ ಕಂಡಿಕಿನೋ, ಬದ್ನಿಕಾಯೋ?" ಎಂದರು.

ಸುಚರಿತಾ ಟಿವಿಯ ಧಾರಾವಾಹಿಯವಳು. ತೊಂಬತ್ತೊಂಬತ್ತರಲ್ಲಿ ಅವಳು ಏಳು ತಿಂಗಳ ಬಸುರಿ. ಒಂದು ಶುಕ್ರವಾರ ಮೆಟ್ಟಿಲು ಇಳಿಯುತ್ತ ಹೊಟ್ಟೆಯ ಮೇಲೆ ಕೈಯಿಟ್ಟು ಹಿಂದೆ ತಿರುಗಿ ನೋಡಿದಳು. ಸೋಮವಾರ ಅದೇ ಹೊತ್ತಿಗೆ ಟಿವಿ ಹಚ್ಚಿದರೆ ಯಾರೋ ಹೀರೇಕಾಯಿ ಹೆಚ್ಚುತ್ತಿದ್ದರು. ಧಾರಾವಾಹಿ ನಿಂತಿತ್ತು. ಅಂದಿನಿಂದ ಒಂಬತ್ತು ವರ್ಷ ಅವಳು ಆ ಮೆಟ್ಟಿಲ ಮೇಲೇ ಇದ್ದಾಳೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಅವಳಿಗೆ ತಾಯಿ ಇಲ್ಲ, ತಂದೆ ಇಲ್ಲ. ಚೊಚ್ಚಲ ಬಸುರಿಗೆ ತವರಿನವರು ಕುಬಸ ಮಾಡಬೇಕು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಆರತಿ ಎತ್ತಬೇಕು. ಕಥೆ ಬರೆಯುವವರಿಗೆ ಅದರ ನೆನಪೇ ಇದ್ದಂತಿರಲಿಲ್ಲ. ಆಗ ನಮ್ಮ ಓಣಿಯ ಹೆಂಗಸರೆಲ್ಲ ಟಿವಿಯ ಮುಂದೆ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದಾಗ ನಾನು ಎದ್ದು ನಿಂತು, "ಅಳಬ್ಯಾಡ್ರಿ. ಆಕಿ ತವರಮನಿ ಇಳಕಲ್ಲು. ಕುಬಸ ನಾ ಮಾಡ್ತೇನಿ" ಎಂದುಬಿಟ್ಟೆ. ಎಲ್ಲರೂ ಕೇಳಿದರು. ಸೊಸೆ ನಾಗರತ್ನಾಳ ತಾಯಿ, ಹುನಗುಂದದ ಬೀಗತಿ ಗುರುಲಿಂಗವ್ವನೂ ಅಂದು ಬಂದಿದ್ದರು. ಅವರೂ ಕೇಳಿದರು.

ಅಲ್ಲಿಂದ ಮುಂದೆ ಮದುವೆಯಿರಲಿ, ಬಸ್‌ಸ್ಟ್ಯಾಂಡಿರಲಿ, ನಾನು ಕಂಡರೆ ಸಾಕು.

"ಏನ್ರಿ ಬೀಗತಿ, ಮಗಳು ಹಡದ್ಳೇನ್ರಿ?"

"ಇನ್ನೂ ಇಲ್ರಿ."

"ಆನಿ ಬಸರಿದ್ದಂಗ ಅದಾಳಲ್ರಿ! ಕುಬಸ ಆಗಿಲ್ಲಂತ ತಡದಾಳೇನೋ ಪಾಪ."

ಸುತ್ತಲಿದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ತವರೆಂದು ಹೇಳಿ ಕುಬಸ ಮಾಡದ ಮನೆಯ ಹೆಂಗಸಿಗೆ ಆ ನಗೆ ಎಲ್ಲಿ ಚುಚ್ಚುತ್ತದೆ ಎಂಬುದು ಹೇಳಿದರೆ ತಿಳಿಯುವಂಥದ್ದಲ್ಲ.

ಧಾರಾವಾಹಿಯವರಿಗೆ ಒಂದು ಕಾಗದ ಬರೆಯಬೇಕಿತ್ತು. ಇಂಥ ದಿನ ಕುಬಸ ಇಟ್ಟುಕೊಂಡಿದ್ದೇವೆ, ಹುಡುಗಿಯನ್ನು ಕಳುಹಿಸಿಕೊಡಿ ಎಂದು. ನನಗೆ ಅಕ್ಷರ ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ಹೋಗಿ ಕಲಿತೆ. ಇನ್‌ಲ್ಯಾಂಡ್ ತಂದು ಬರೆದೂ ಬರೆದೆ. ತಾರೀಖಿನ ಜಾಗ ಮಾತ್ರ ಖಾಲಿ ಉಳಿಯಿತು. ಯಾಕೆಂದರೆ ಕುಬಸ ಬೆಸ ತಿಂಗಳಲ್ಲೇ ಆಗಬೇಕು. ಸುಚರಿತಾಳಿಗೆ ಈಗ ಎಷ್ಟನೆಯ ತಿಂಗಳು?

"ಕಥಿ ನಿಂತ್ರ ಹೊಟ್ಟೀನೂ ನಿಂತಂಗ, ಲಕ್ಕವ್ವಕ್ಕ. ಏಳೇ" ಎಂದು ಪಕ್ಕದ ಮನೆಯ ಮೌಲಾಬಿ ಹೇಳುತ್ತಿದ್ದಳು.

"ಕ್ಯಾಲೆಂಡರ್ ನಿಂತಿಲ್ಲಲ್ಲ?" ಎನ್ನುತ್ತಿದ್ದಳು ನಾಗರತ್ನಾ. "ಹೋದ ತಿಂಗಳಿಗೆ ನೂರಾ ಹದಿಮೂರು, ಬೆಸ ಇತ್ತು. ಈಗ ನೂರಾ ಹದಿನಾಲ್ಕು. ಬರೂದಿಲ್ಲ."

ಹೀಗೆ ಒಂದು ತಿಂಗಳು ಬೆಸ, ಒಂದು ತಿಂಗಳು ಸರಿ. ನಾವು ಒಮ್ಮತಕ್ಕೆ ಬರುವುದರೊಳಗೆ ತಿಂಗಳು ಹೊರಳುತ್ತಿತ್ತು. ಕಾಗದ ದೇವರ ಫೋಟೋದ ಹಿಂದೆ ಹಳದಿಯಾಗುತ್ತಿತ್ತು.

ಈಗ ವೀರೇಶ ಪೇಪರು ಓದಿದ. "ಬರೋ ಸೋಮವಾರದಿಂದ ಚಾಲೂ ಅಂತ. ಕಥಿ ಒಂಬತ್ತು ವರ್ಷ ಮುಂದ ಹೋಗಿರತೈತಂತ."

"ಮುಂದ ಹೋಗಿರತೈತಿ ಅಂದ್ರ?"

"ಅಂದ್ರ ನಡಬರಕಿಂದು ತೋರ್ಸೂದಿಲ್ಲವಾ."

"ಹೆರಿಗಿ?"

"ಅದೂ ನಡಬರಕನ ಬಂತಲ್ಲ."

ನನ್ನ ಕೈಯಲ್ಲಿದ್ದ ನೂಲು ಹರಿಯಿತು. ಅವಳು ಬರುತ್ತಾಳೆಂಬ ಸಂತೋಷಕ್ಕೆ ನಗಬೇಕೋ, ಕುಬಸವಿಲ್ಲದೆ ಹಡೆದಾಳೆಂಬ ಭಯಕ್ಕೆ ಅಳಬೇಕೋ ತಿಳಿಯಲಿಲ್ಲ. ಸುದ್ದಿ ಕೇಳಿ ಓಡಿಬಂದ ಮೌಲಾಬಿ ಇನ್ನೊಂದು ಹುಳ ಬಿಟ್ಟಳು: "ಅಕ್ಕಾ, ಆಕಿ ಬಿಟ್ಟು ಬ್ಯಾರೆ ಹುಡಗೀನ ತಂದ್ರ ಆ ಬಸರು ಯಾರ ಹೊಟ್ಟಿಗೆ ಹೋಕ್ಕೈತಿ?"

ಅಂದು ಸಂಜೆ ಸಾಬೂನಿನ ಜಾಹೀರಾತಿನ ಹಿಂದೆಯೇ, ಧಾರಾವಾಹಿಯ ಪ್ರಚಾರದ ತುಣುಕಿನಲ್ಲಿ ಸುಚರಿತಾ ಬಂದಳು. ಅವಳೇ! ಅದೇ ಮೂಗು, ಅದೇ ಕೊರಳು ತಿರುಗಿಸುವ ರೀತಿ. ಕಾರಿನಿಂದ ಇಳಿದಳು. ಅವಳ ಹಿಂದೆ ಎರಡು ಜಡೆಯ ಹುಡುಗಿಯೊಂದು ಪಾಟಿಚೀಲ ಹೊತ್ತು ಇಳಿಯಿತು. ಅಷ್ಟರಲ್ಲಿ ಟೀಪುಡಿ ಬಂತು.

"ಮುಗೀತು. ಹಡದಾಳ. ಹುಡುಗಿ ಸಾಲಿಗೆ ಹೋಗಾಕತ್ತೈತಿ" ಎಂದಳು ನಾಗರತ್ನಾ.

"ಏ ಹುಚ್ಚಿ, ಆಕಿ ಮೈ ನೋಡಿದೇನ? ಮೊದಲಿಗಿಂತ ಎರಡ್ಪಟ್ಟು ಆಗ್ಯಾಳ. ಇನ್ನೂ ಬಸರಿ" ಎಂದಳು ಮೌಲಾಬಿ. "ಆ ಕೂಸು ನಾದಿನಿದಿರಬೇಕು."

"ಒಂಬತ್ತು ವರ್ಷ ಯಾರರೆ ಬಸರಿರ್ತಾರೇನ?"

"ಆಕಿ ಗಂಡ ಎರಡ ಸರ್ತಿ ಸತ್ತು ಎರಡ ಸರ್ತಿ ಬಂದ. ಅದಾಗತೈತಿ, ಇದಾಗೂದಿಲ್ಲೇನ?"

ನಾನು ಲೆಕ್ಕ ಹಾಕಿದೆ. ಹೆರಿಗೆಯನ್ನು ಯಾರೂ ನೋಡಿಲ್ಲ. ಕಥೆ ಚಾಲೂ ಆಗುವುದು ಸೋಮವಾರ. ಅಲ್ಲಿಯವರೆಗೆ ಅವಳು ಮೆಟ್ಟಿಲ ಮೇಲೇ ಇದ್ದಾಳೆ, ಏಳನೆಯ ತಿಂಗಳೇ.

"ರವಿವಾರ ಕುಬಸ" ಎಂದೆ.

"ಯಾರಿಗೆ ಮಾಡ್ತಿ? ಆಕಿ ಇಲ್ಲೆಲ್ಲಿದಾಳ?" ಎಂದರು ನಮ್ಮ ಮನೆಯವರು ಗುಂಡಿಯಿಂದಲೇ.

"ಆಕಿ ಕುಂತಿರೋ ಟಿವಿಗೆ ಮಾಡ್ತೇನಿ."

ಅವರು ಲಾಳಿ ಹೊಡೆಯುವುದನ್ನು ಬಿಟ್ಟು ತಲೆ ಎತ್ತಿದರು. ಆಮೇಲೆ, "ಟಿವಿಗೆ ಗಂಡ ಯಾರು?" ಎಂದು ಕೇಳಿದರು.

ಖರೆ ತೊಡಕು ಅದಲ್ಲ. ಆ ಟಿವಿ ನಾಗರತ್ನಾಳ ಮದುವೆಯಲ್ಲಿ ಹುನಗುಂದದಿಂದ ಬಂದದ್ದು. ಅದಕ್ಕೆ ಸೀರೆ ಉಡಿಸಬೇಕೆಂದರೆ ಬೀಗತಿಯ ಕಿವಿಗೆ ಒಂದು ಮಾತು ಹಾಕಬೇಕು. ಹೇಳಿ ಕಳುಹಿಸಿದೆ. ನಗಿಸಿಕೊಳ್ಳಲು ತಯಾರಾಗಿಯೇ ಇದ್ದೆ.

ರವಿವಾರ ಮುಂಜಾನೆಯ ಬಸ್ಸಿಗೆ ಗುರುಲಿಂಗವ್ವ ಬಂದಿಳಿದರು. ಟಿವಿಯ ಸುತ್ತ ಒಂದು ಸುತ್ತು ಹಾಕಿದರು. ಮಣೆಯ ಮೇಲೆ ಟಿವಿ, ಅದಕ್ಕೆ ನಮ್ಮ ಮಗ್ಗದ ಹಸಿರು ಸೀರೆ, ಕೆಂಪು ಸೆರಗು. ಕೇಬಲ್ ಬಂದ ಮೇಲೂ ಶೋಕಿಗೆಂದು ಇಟ್ಟಿದ್ದ ಅಂಟೆನಾದ ಎರಡು ಕಡ್ಡಿಗೆ ಹಸಿರು ಬಳೆ. ಅವರು ನಗಲಿಲ್ಲ. ಕಂಬಳಿಯ ಮೇಲೆ ಕಾಲು ಮಡಚಿ ಕುಳಿತು, "ಕುಬಸಕ್ಕ ಗಂಡಿನ ಕಡ್ಯಾವ್ರು ಬ್ಯಾಡೇನ್ರಿ? ಟಿವಿ ನಮ್ಮನಿದು. ಅಂದಮ್ಯಾಲ ಒಳಗಿರಾಕಿ ನಮ್ಮ ಸೊಸಿ" ಎಂದರು.

ಅಷ್ಟು ಹೇಳಿದ್ದೇ ತಡ, ಗಂಡಿನ ಕಡೆಯವರಾಗಿಯೇಬಿಟ್ಟರು. ಕಾಲಿಗೆ ನೀರು ಯಾಕೆ ಕೊಡಲಿಲ್ಲ ಎಂದರು. ಹೋಳಿಗೆಯ ಹೂರಣಕ್ಕೆ ಬೆಲ್ಲ ಸಾಲದು ಎಂದರು. ಸೀರೆಯ ಅಂಚು ತಿಕ್ಕಿ ನೋಡಿ, "ಬಣ್ಣ ಬಿಡೂದಿಲ್ಲ ಹೌದಲ್ರಿ?" ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೀಗರು ಕೊಂಕು ತೆಗೆದರೆಂದರೆ ಅದು ಕುಬಸವೇ ಹೌದು.

ಆದರೆ ಸುಚರಿತಾ ಬರಬೇಕಲ್ಲ? ಯಾವ ಜಾಹೀರಾತಿನ ಹಿಂದೆ ಬರುತ್ತಾಳೋ ಯಾರಿಗೂ ಗೊತ್ತಿಲ್ಲ. ಆರತಿ ಹಚ್ಚಿಕೊಂಡು ಐದು ಮಂದಿ ಮುತ್ತೈದೆಯರು ಸಾಲಾಗಿ ನಿಂತೆವು; ಐದನೆಯವಳು ಸಿಗದೆ ಮೌಲಾಬಿಯನ್ನೇ ನಿಲ್ಲಿಸಿದ್ದೆ. ಸೀರೆಯ ನೆರಿಗೆ ರಿಮೋಟಿಗೆ ಅಡ್ಡ ಬಂದು ದನಿ ಏರದು, ಇಳಿಯದು. ಪರದೆ ಮಿಣುಕಿದ ಕೂಡಲೇ ಮೌಲಾಬಿ ಅವಸರಪಟ್ಟು ಅಕ್ಕಿಕಾಳು ಹಾಕಿದಳು. ಅದು ಟ್ರ್ಯಾಕ್ಟರಿನ ಮೇಲೆ ಕುಳಿತ ಮೀಸೆಯವನಿಗೆ ಬಿತ್ತು. ನಾಗರತ್ನಾ ಎತ್ತಿದ ಆರತಿ ಸಿಮೆಂಟ್ ಚೀಲ ಹೊತ್ತ ಪೈಲ್ವಾನನಿಗೆ ಹೋಯಿತು. ವಾರ್ತೆ ಓದುವವನಿಗೆ ಕುಂಕುಮ ಹತ್ತಿತು; ಅವನು ಅದನ್ನು ಹಚ್ಚಿಕೊಂಡೇ ಡ್ಯಾಮಿನ ನೀರಿನ ಮಟ್ಟ ಹೇಳಿದ.

"ಊರಿಗೆಲ್ಲಾ ಕುಬಸ ಆತು, ನಮ್ಮ ಸೊಸಿ ಸರದಿ ಯಾವಾಗ್ರಿ?" ಎಂದರು ಗುರುಲಿಂಗವ್ವ.

ಅಷ್ಟರಲ್ಲಿ ಕಾರು ಬಂತು. ಬಾಗಿಲು ತೆರೆಯಿತು. ನಾನು ಓಡಿದೆ. ಅವಳ ಹಣೆಗೆ ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ. ಗಾಜು ಬೆಚ್ಚಗಿತ್ತು. ಆರತಿ ಎತ್ತಿದರು. ಎರಡು ಜಡೆಯ ಹುಡುಗಿ ಇಳಿಯುತ್ತಲೇ ಮೌಲಾಬಿ, "ಇರ್ಲಿ, ಕೂಸಿಗೂ ಇರ್ಲಿ" ಎಂದು ಅದರ ತಲೆಯ ಮೇಲೂ ಅಕ್ಕಿ ಹಾಕಿದಳು. ಸುಚರಿತಾ ಕೊರಳು ತಿರುಗಿಸಿ ನೇರ ನನ್ನನ್ನು ನೋಡಿದಳು.

ಕರೆಂಟ್ ಹೋಯಿತು.

ಕಪ್ಪು ಗಾಜಿನ ಮೇಲೆ ಕುಂಕುಮ ಮಾತ್ರ ಇತ್ತು. ಗುರುಲಿಂಗವ್ವ ಎದ್ದು ಬಂದು ಮಣೆಯ ಮುಂದೆ ತೆಂಗಿನಕಾಯಿ ಇಟ್ಟು, ನನ್ನ ಕೈ ಹಿಡಿದು, "ಕುಬಸ ಚಲೋ ಆತ್ರಿ, ಬೀಗತಿ. ಇನ್ನ ಯಾವಾಗರೆ ಹಡೀಲಿ" ಎಂದರು.

ಸೋಮವಾರ ಮುಂಜಾನೆ ವೀರೇಶ ಹುಡುಕಿ ತಂದ ವಿಳಾಸ ಬರೆದೆ. ಹಳೆಯ ಕಾಗದದ ಖಾಲಿ ಜಾಗದಲ್ಲಿ ರವಿವಾರದ ತಾರೀಖು ತುಂಬಿದೆ. "ಹುಡುಗಿಯನ್ನು ಕಳುಹಿಸಿಕೊಡಿ" ಎಂಬುದನ್ನು ಹೊಡೆದು, ಕೆಳಗೆ ಹೀಗೆ ಬರೆದೆ: "ನಿಮ್ಮ ಸುಚರಿತಾಳಿಗೆ ನಿನ್ನೆ ಇಳಕಲ್ಲಿನಲ್ಲಿ ಕುಬಸ ಮುಗಿದಿದೆ. ಇನ್ನು ಹೆರಿಗೆಗೆ ನಮ್ಮ ಕಡೆಯಿಂದ ಅಡ್ಡಿ ಇಲ್ಲ. ಬಾಣಂತನಕ್ಕೆ ಇಲ್ಲಿಗೇ ಕಳುಹಿಸಬೇಕು. ಆ ಹುಡುಗಿ ಅವಳದೇ ಆಗಿದ್ದರೆ ಅದನ್ನೂ ಜೊತೆಗೆ ಕಳುಹಿಸಿ. ಶಾಲೆ ನಮ್ಮ ಮನೆಗೆ ಹತ್ತಿರ ಇದೆ. ಇಂತಿ, ಲಕ್ಕವ್ವ."

ಅಂಟು ಒಣಗಿಹೋಗಿತ್ತು. ಅನ್ನದ ಅಗುಳು ಹಚ್ಚಿ ಒತ್ತಿ, ಟಪಾಲು ಒಯ್ಯುವವನು ಬರುವುದರೊಳಗೆ ಬಜಾರಿಗೆ ನಡೆದು ಹೋಗಿ ಡಬ್ಬಿಗೆ ಹಾಕಿದೆ.