ಹವಾಯಿ ಚಪ್ಪಲಿಯ ಮೇಲಿನ ಹಣ್ಣು

ಆಸ್ಟ್ರೇಲಿಯಾದ ಕಡಲೂರಿನಿಂದ ಬವೇರಿಯಾಕ್ಕೆ ಸೊಸೆಯಾಗಿ ಬಂದ ಟ್ಯಾಮ್ಸಿನ್‌ಗೆ ಅದು ಮೊದಲ ಚಳಿಗಾಲ. ಡಿಸೆಂಬರ್ ಐದರ ಸಂಜೆ ಅತ್ತೆ ರೋಸ್ವಿತಾ, "ಬಾಗಿಲ ಹತ್ರ ನಿನ್ನ ಜೋಡು ಇಡಮ್ಮ. ಬೆಳಗಾಗೋದ್ರೊಳಗೆ ಸಂತ ನಿಕೋಲಸ್ ತುಂಬಿಸಿ ಹೋಗ್ತಾನೆ," ಎಂದರು.

ಟ್ಯಾಮ್ಸಿನ್ ಹವಾಯಿ ಚಪ್ಪಲಿ ತಂದಿಟ್ಟಳು. ಅವಳ ಊರಲ್ಲಿ ಕ್ರಿಸ್‌ಮಸ್ ಬರುವುದು ಸುಡುಬೇಸಿಗೆಯಲ್ಲಿ. ಸಮುದ್ರದಲ್ಲಿ ಮಿಂದು, ಒದ್ದೆ ಮೈಯಲ್ಲೇ ಮರಳ ಮೇಲೆ ಕೂತು ಮಾವಿನಹಣ್ಣು ಚೀಪುವ ಹಬ್ಬ ಅದು ಎಂದು ಬಂದ ಹೊಸದರಲ್ಲೇ ಅತ್ತೆಗೆ ಹೇಳಿದ್ದಳು.

"ಅಯ್ಯೋ ಹುಡುಗಿ, ಬೂಟು ಇಡೇ! ಇದರಲ್ಲಿ ಅಕ್ರೋಟು ಎಲ್ಲಿ ನಿಲ್ಲತ್ತೆ?" ಎಂದು ಅತ್ತೆ ಗದರಿದರು.

"ನಮ್ಮೂರ ಹಬ್ಬದ ಜೋಡು ಇದೇ, ಅತ್ತೆ," ಎಂದಳು; ಇವಳೂ ಜಗ್ಗಲಿಲ್ಲ.

ಬೆಳಿಗ್ಗೆ ಗಂಡನ ಬೂಟಿನ ತುಂಬ ಅಕ್ರೋಟು, ಕಿತ್ತಳೆ. ಅವಳ ಚಪ್ಪಲಿಯ ಮೇಲೆ ಒಂದೇ ಒಂದು ಮಾವಿನಹಣ್ಣು.

ಅತ್ತೆ ಮುಖ ಆಚೆ ತಿರುಗಿಸಿಕೊಂಡೇ, "ವಾರದಿಂದ ಒಲೆ ಪಕ್ಕ ಇಟ್ಟು ಕಾದಿದ್ದಾನೆ ನಿಕೋಲಸ್. ಹಣ್ಣಾಗಿಲ್ದಿದ್ರೆ ಅವನನ್ನೇ ಬೈಕೋ," ಎಂದರು.

ಹಣ್ಣೇನೋ ಬರೀ ಹುಳಿ. ಆದರೆ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಹಲ್ಲಿನಲ್ಲೇ ಸಿಪ್ಪೆ ಸುಲಿಯುವಾಗ, ಚಪ್ಪಲಿಯಿಂದ ಅದಕ್ಕೆ ಮೆತ್ತಿಕೊಂಡಿದ್ದ ಊರಿನ ಚೂರು ಮರಳು ಕರಕರ ಎಂದಿತು. ಕಳೆದ ಕ್ರಿಸ್‌ಮಸ್ಸಿನಲ್ಲೂ ಹೀಗೆಯೇ ಎಂದಿತ್ತು.