ಹಿಮದಡಿಗೆ ಹೊರಟ ಯಂತ್ರ

ಆಯುಧಪೂಜೆಯ ದಿನ ಬಾಲಾನಗರದ ಆ ಸಣ್ಣ ಕಾರ್ಖಾನೆಯಲ್ಲಿ ಲೇತ್‌ಗಳಿಗೆಲ್ಲ ಕುಂಕುಮ ಹಚ್ಚಿದರು. ದಕ್ಷಿಣ ಧ್ರುವದ ಸಮುದ್ರಕ್ಕೆ ಹೋಗಲಿದ್ದ ಯಂತ್ರವನ್ನು ಮಾತ್ರ ಮುಟ್ಟಕೂಡದು ಎಂದವಳು ಪರೀಕ್ಷಾ ವಿಭಾಗದ ಶೈಲಾ. ಸಮುದ್ರದ ನೀರಿನ ಉಪ್ಪು ಅಳೆಯುವ ಅದರ ಗಾಜಿನ ನಳಿಗೆಗೆ ಬೆರಳಿನ ಜಿಡ್ಡು ತಾಗಿದರೂ ಲೆಕ್ಕ ತಪ್ಪುತ್ತದೆ, ಮೂಢನಂಬಿಕೆಯಿಂದ ಬೊಟ್ಟಿಡಲು ಇದೇನು ಸ್ಕೂಟರಲ್ಲ ಎಂದು ಎಲ್ಲರನ್ನೂ ನಗಿಸಿದ್ದಳು.

ಮಂದಿ ಪ್ರಸಾದಕ್ಕೆ ಹೊರಗೆ ಹೋದಾಗ ಅವಳೊಬ್ಬಳೇ ಒಳಗೆ ಬಂದಳು. ಹಿಂದಿನ ವರ್ಷ ಕಳಿಸಿದ ಯಂತ್ರ ಹಿಮದ ಕೆಳಗೆ ಇಳಿದದ್ದು ಮತ್ತೆ ಮೇಲೆ ಬಂದಿರಲಿಲ್ಲ. ಅಲ್ಲಿಂದ ಸುದ್ದಿ ಕಳಿಸಲು ದಾರಿಯಿಲ್ಲ; ಚಳಿಗಾಲವಿಡೀ ಅಳೆದದ್ದನ್ನೆಲ್ಲ ಒಳಗಿಟ್ಟುಕೊಂಡು, ಹಿಮ ಒಡೆದಾಗ ಎದ್ದು ಬಂದು ಹೇಳಬೇಕು. ಇದಾದರೂ ಬರಲಿ ಎಂದುಕೊಂಡು, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟೊಂದನ್ನು ನಳಿಗೆಯ ಸುತ್ತಲಿನ ಪಂಜರದ ಒಳಗೆ, ಯಾರಿಗೂ ಕಾಣದಂತೆ ಇಟ್ಟಳು.

ಹಬ್ಬ ಕಳೆದು ಪರೀಕ್ಷೆಗೆಂದು ಉಪ್ಪುನೀರಿನ ತೊಟ್ಟಿಗೆ ಇಳಿಸಿದಾಗ ಯಂತ್ರ ಉಪ್ಪನ್ನು ಕಡಿಮೆ ತೋರಿಸಿತು. ನೀರಿನ ಮೇಲೆ ಕೆಂಪು ಜಿಡ್ಡು ತೇಲಿತು. ಮ್ಯಾನೇಜರ್ ಜನಾರ್ದನ, ಕಸ ಗುಡಿಸುವ ಶಿವಗಂಗಾಳನ್ನು ಎಲ್ಲರೆದುರು ಕರೆಸಿದ. ಲೇತ್‌ಗಳಿಗೆ ಕುಂಕುಮ ಹಚ್ಚಿದ್ದವಳು ಅವಳೇ. ತಾನು ಮುಟ್ಟಿಲ್ಲ ಎಂದಳು ಅವಳು. ಅವನು ನಂಬದಿದ್ದಾಗ ಇನ್ನೊಮ್ಮೆ ಹೇಳಿದಳು. ನಾಳೆಯಿಂದ ಬರುವುದು ಬೇಡ ಎಂದ. ಅವಳು ಊಟದ ಡಬ್ಬಿ ತರಲು ತಿರುಗಿದಳು.

"ಹಚ್ಚಿದ್ದು ನಾನು," ಎಂದಳು ಶೈಲಾ.

ಹಿಂದೆ ನಿಂತಿದ್ದ ಲೇತ್ ಹುಡುಗ ಪವನ, "ಮೇಡಂ ಸ್ಕೂಟರ್ ಅಂದ್ಕೊಂಡಿರಬೇಕು," ಎಂದ. ಜನಾರ್ದನನೂ ನಕ್ಕ. ನಳಿಗೆ ತೊಳೆದು ಮತ್ತೆ ಪರೀಕ್ಷಿಸಿದರಾಯಿತು, ಹಡಗು ಹೊರಡಲು ಇನ್ನೂ ಸಮಯವಿದೆ ಎಂದು ಎದ್ದು ಹೋದ. ಶಿವಗಂಗಾಳಿಗೆ ಏನೂ ಹೇಳಲಿಲ್ಲ.

ಮಧ್ಯಾಹ್ನ ಶೈಲಾ ಅವಳನ್ನು ಹುಡುಕಿಕೊಂಡು ಹೋದಳು. ಅವಳು ನೆಲ ಒರೆಸುತ್ತಿದ್ದಳು. ಮೂಢನಂಬಿಕೆಯೆಂದು ತಾನೇ ಆಡಿಕೊಂಡು, ಕೊನೆಗೆ ತಾನೇ ಹೀಗೆ ಮಾಡಿದೆನಲ್ಲ, ನಾಚಿಕೆಯಾಗುತ್ತದೆ ಎಂದಳು ಶೈಲಾ.

"ಕುಂಕುಮ ಹಚ್ಚಿದ್ರ ಏನಾತ್ರಿ ಅಕ್ಕಾರ, ದೇವರ ಮ್ಯಾಗ ನಂಬಿಕಿ ಎಲ್ಲಾರ್ಗೂ ಇರ್ತೈತಿ." ಶಿವಗಂಗಾ ಬಟ್ಟೆ ಹಿಂಡಿದಳು. "ನಾ ಮುಟ್ಟಿಲ್ಲಂತ ಎರಡ ಸಲ ಹೇಳಿದ್ನಿ. ಎರಡೂ ಸಲ ನಿಮ್ಮ ಮಾರಿ ನೋಡೇ ಹೇಳಿದ್ನಿ. ನೀವು ನೆಲಾ ನೋಡಾಕತ್ತಿದ್ರಿ."

ಭಯವಾಗಿತ್ತು ಎಂದು ಶೈಲಾ ಹೇಳಬಹುದಿತ್ತು. ಆದರೆ ಭಯವೇನೂ ಆಗಿರಲಿಲ್ಲ, ಹುಡುಗರು ನಗುತ್ತಾರಲ್ಲ ಎಂದಷ್ಟೇ ಅನಿಸಿತ್ತು.

"ತುಸು ಸರೀರಿ," ಎಂದಳು ಶಿವಗಂಗಾ, "ನೀವು ನಿಂತಲ್ಲಿ ಒರಸೂದೈತಿ."

ಶೈಲಾ ಸರಿದು ನಿಂತಳು.