ಪ್ರತಾಪನ ತೋಳಿನ ಅಳತೆ

ಪ್ರತಾಪ ತೀರಿಕೊಂಡ ಮೇಲೆ ಎರಡೂ ತುದಿಗೆ ಗಾಲಿ ಇದ್ದ ಅವನ ಕಾಂಪೌಂಡ್ ಬಿಲ್ಲನ್ನು ಯಾರೂ ಮುಟ್ಟಿರಲಿಲ್ಲ. ನವಲಗುಂದದಿಂದ ತಿರ್ಲಾಪುರಕ್ಕೆ ಬೈಕಿನಲ್ಲಿ ಬರುವಾಗ ಹತ್ತಿ ಹೇರಿದ ಟ್ರ್ಯಾಕ್ಟರ್ ಅವನನ್ನು ಕೆಡವಿತ್ತು. ಹೆಂಡತಿ ಮಲ್ಲಿಕಾಳಿಗೆ ಬಿಲ್ಲು ಹಿಡಿಯಲು ಕಲಿಸಿದವನು ಅವನೇ. ಅವಳ ಬಿಲ್ಲು ಬೇಸಿಗೆಯಲ್ಲೇ ಸೀಳಿಹೋಗಿತ್ತು. ಹುಬ್ಬಳ್ಳಿಯ ಆಯ್ಕೆ ಸ್ಪರ್ಧೆಗೆ ಇಬ್ಬರ ಹೆಸರನ್ನೂ ಅವನು ಕೊಟ್ಟಿದ್ದ. ದಿನ ಹತ್ತಿರ ಬಂದಾಗ ಮಲ್ಲಿಕಾ ಗೂಟದಿಂದ ಅವನ ಬಿಲ್ಲನ್ನೇ ಇಳಿಸಿದಳು.

ಹಿತ್ತಲಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಹಳೆಯ ಪೇಪರ್ ಅಂಟಿಸಿ, ಹಿಂದೆ ಚಿಂದಿ ತುಂಬಿದ ಚೀಲ ಇಟ್ಟು, ಹತ್ತಿರದಿಂದ ಬಾಣ ಬಿಟ್ಟಳು. ಬಾಣ ನೆಟ್ಟಗೆ ಹೋದರೆ ಕಾಗದದಲ್ಲಿ ದುಂಡನೆಯ ತೂತು, ಸುತ್ತ ಗರಿಗಳ ಗೀರು, ಅಷ್ಟೇ. ಇಲ್ಲಿ ಕಾಗದ ಅಡ್ಡಡ್ಡ ಹರಿದಿತ್ತು. ಬಾಣ ಬಾಲ ಆಡಿಸುತ್ತ ಹೋಗುತ್ತಿತ್ತು. ಬಾಣ ಕೂರುವ ಆಸರೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೂ ಹರಕು ತಗ್ಗಲಿಲ್ಲ. ಪ್ರತಾಪನದು ಉದ್ದ ತೋಳು. ಬಿಲ್ಲಿನ ಎಳೆತವನ್ನೂ ಅಷ್ಟೇ ಉದ್ದಕ್ಕೆ ಕೂಡಿಸಿದ್ದ; ಮಲ್ಲಿಕಾಳ ತೋಳಿಗೆ ಅದು ಹೆಚ್ಚು. ಹೆದೆ ಪ್ರತಿ ಸಲ ಅವಳ ಎಡ ಮುಂಗೈಗೆ ಬಡಿಯುತ್ತಿತ್ತು.

ಅತ್ತೆ ದುರಗವ್ವ ನೀಲಿಗಟ್ಟಿದ ಕೈ ನೋಡಿದಳು.

"ಏನಾತು ಕೈಗೆ?"

"ಹೆದಿ ಬಡಿತೈತ್ರಿ ಅತ್ತಿ. ಗಾಲಿ ಸಡಲಿಸಿ ನನ್ನ ಅಳತಿಗೆ ಕೂಡಸಬೇಕ್ರಿ."

"ಬ್ಯಾಡ. ಅವನ ಅಂಗಿ ಎಲ್ಲಾ ಮಂದಿಗೆ ಕೊಟ್ಟಿ. ಇದೊಂದರ ಅವ ಇಟ್ಟಂಗ ಇರ್ಲಿ."

ಮಲ್ಲಿಕಾ ಆ ಅಳತೆಯಲ್ಲೇ ಎಳೆದಳು. ಕೊನೆಗೊಂದು ಮುಂಜಾನೆ ಮುಂಗೈ ಬಾತು ರೊಟ್ಟಿ ಬಡಿಯಲೂ ಆಗಲಿಲ್ಲ. ದುರಗವ್ವ ಹಿಟ್ಟಿನ ಪರಾತ ತನ್ನ ಕಡೆ ಎಳೆದುಕೊಂಡಳು.

ಬಾವು ಇಳಿದ ಮೇಲೆ ಮಲ್ಲಿಕಾ ಕಟ್ಟೆಯ ಮೇಲೆ ಕೂತು ಬಿಲ್ಲಿನ ಗಾಲಿಯ ತಿರುಪು ಸಡಿಲಿಸಿದಳು. ಮೊದಲಿನ ಜಾಗಕ್ಕೊಂದು ಗುರುತು ಮಾಡೋಣವೆಂದು ಪೆನ್ನು ತೆಗೆದವಳು ಹಾಗೇ ಕೆಳಗಿಟ್ಟಳು. ಬಾಗಿಲಲ್ಲಿ ದುರಗವ್ವ ನಿಂತಿದ್ದಳು.

"ಗುರ್ತರ ಮಾಡಿ ಇಟ್ಟಿಯೇನ?"

"ಇಲ್ರಿ. ಆ ಅಳತಿಗೆ ಇನ್ನ ಯಾರು ಬರ್ತಾರ್ರಿ, ಅತ್ತಿ?"

ದುರಗವ್ವ ಹೊಸ್ತಿಲ ಮೇಲೆ ಕುಸಿದಳು. ಮಣ್ಣು ಕೊಟ್ಟ ದಿನವೂ ಅಳದಿದ್ದ ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮಲ್ಲಿಕಾ ಗಾಲಿಯನ್ನು ತನ್ನ ಅಳತೆಗೆ ಕೂಡಿಸಿ ತಿರುಪು ಬಿಗಿ ಮಾಡಿದಳು.

ಆಮೇಲೆ ಬಿಟ್ಟ ಬಾಣಕ್ಕೆ ಹರಕು ಸಣ್ಣದಾಯಿತು. ಆಸರೆಯನ್ನು ತುಸು ಸರಿಸಿದ ಮೇಲೆ ತೂತು ದುಂಡಗೆ ಬಿತ್ತು. ಪ್ರತಾಪನಿಗೆ ತೋರಿಸಲೆಂದು ತಿರುಗಿದಳು. ಹಿತ್ತಲಲ್ಲಿ ಯಾರೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಅವಳು ಆಯ್ಕೆಯಾದಳು. ಸಂಜೆ ಬಸ್ಸಿಳಿದು ಬಂದು ಅತ್ತೆಗೆ ಹೇಳಿದಳು.

"ಚಲೋ ಆತು," ಎಂದು ದುರಗವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಮಲ್ಲಿಕಾ ಒಬ್ಬಳೇ ಕೂತು ಉಂಡಳು.